ಪ್ರಯೋಜನವಿಲ್ಲದ ಕೊಳ್ಳುವಿಕೆ ಮತ್ತು ಅನರ್ಥದಂಡದ ವಿಚಾರ

ಅಗತ್ಯವಿಲ್ಲದ ವಸ್ತುವನ್ನು ಕ್ಷಣದ ಸೆಳೆತಕ್ಕೆ ಸಿಲುಕಿ ಕೊಳ್ಳುವ ಅಭ್ಯಾಸವನ್ನು ಇಂದು ಬಹುಮಟ್ಟಿಗೆ ಹಣಕಾಸಿನ ಶಿಸ್ತಿಗೆ ಸೇರಿದ ವಿಷಯವೆಂದೇ ಭಾವಿಸಲಾಗುತ್ತದೆ. ತಿಂಗಳ ಆಯವ್ಯಯವನ್ನು ಬರೆದಿಡಬೇಕು, ಸಾಲದ ಕಂತುಗಳನ್ನು ಮಿತಿಯಲ್ಲಿಡಬೇಕು, ಉಳಿತಾಯದ ಪಾಲನ್ನು ಮೊದಲು ತೆಗೆದಿಟ್ಟು ಆಮೇಲೆ ಖರ್ಚಿಗೆ ಕೈಹಾಕಬೇಕು ಎಂಬ ಸಲಹೆಗಳೆಲ್ಲ ಈ ದೃಷ್ಟಿಯಿಂದ ಹುಟ್ಟಿದವು. ಸಲಹೆಗಳು ಉಪಯುಕ್ತವೇ ಆದರೂ ಅವುಗಳ ತಳದಲ್ಲಿ ಒಂದು ಗ್ರಹಿಕೆ ಅಡಗಿದೆ: ದುಂದುವೆಚ್ಚದ ನಷ್ಟ ವೆಚ್ಚ ಮಾಡಿದವನದು ಮಾತ್ರ, ಆದುದರಿಂದ ಆ ನಷ್ಟವನ್ನು ತಾಳಿಕೊಳ್ಳಬಲ್ಲ ಶ್ರೀಮಂತನನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ ಎಂಬ ಗ್ರಹಿಕೆ. ಕರ್ನಾಟಕದಲ್ಲಿ ಒಂದೂವರೆ ಸಾವಿರ ವರ್ಷಗಳಿಗೂ ಮಿಗಿಲಾಗಿ ಬಾಳಿಬಂದಿರುವ ದಿಗಂಬರ ಜೈನ ಪರಂಪರೆಯ ಗೃಹಸ್ಥಧರ್ಮದ ಗ್ರಂಥಗಳು ಇದನ್ನು ಒಪ್ಪುವುದಿಲ್ಲ. ವಿಚಾರಿಸದೆ ಕೈಗೊಳ್ಳುವ ಕಾರ್ಯವನ್ನೂ ಬೇಕಾದುದನ್ನು ಮೀರಿ ಭೋಗಸಾಮಗ್ರಿಯನ್ನು ಕೂಡಿಹಾಕುವುದನ್ನೂ ಅವು ಲೋಭದ ಪ್ರಕರಣದಲ್ಲಿ ಮಾತ್ರ ಇಟ್ಟು ಸುಮ್ಮನಾಗದೆ, ನಿಷ್ಪ್ರಯೋಜಕ ಹಿಂಸೆಯ ಪ್ರಕರಣಕ್ಕೂ ಸೇರಿಸುತ್ತವೆ. ಈ ವಿಂಗಡಣೆಯಲ್ಲಿ ಇಂದಿನ ಕೊಳ್ಳುಬಾಕತನವನ್ನು ಅರ್ಥಮಾಡಿಕೊಳ್ಳಲು ಬೇಕಾದ ಬಹುಮುಖ್ಯವಾದ ಒಂದು ಒಳನೋಟವಿದೆ.

ಜೈನ ಗೃಹಸ್ಥನಿಗೆ ಶ್ರಾವಕನೆಂದೂ ಅವನ ನಡವಳಿಕೆಯನ್ನು ನಿರೂಪಿಸುವ ಗ್ರಂಥಗಳಿಗೆ ಶ್ರಾವಕಾಚಾರಗಳೆಂದೂ ಹೆಸರು. ಅವುಗಳಲ್ಲಿ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು 150 ಸಂಸ್ಕೃತ ಶ್ಲೋಕಗಳ ಕಿರುಗ್ರಂಥವಾದರೂ ಅದರ ಪ್ರಭಾವ ದೊಡ್ಡದು. ಕನ್ನಡದ ಪ್ರಾಚೀನ ಜೈನಕವಿಗಳು ಕಾವ್ಯಾರಂಭದಲ್ಲಿ ಪೂಜ್ಯಪಾದ ಮೊದಲಾದ ಆಚಾರ್ಯರ ಜೊತೆಗೆ ಸಮಂತಭದ್ರರನ್ನೂ ನೆನೆಯುವುದು ರೂಢಿ. ಈ ಗ್ರಂಥವು ಶ್ರಾವಕನಿಗೆ ಹನ್ನೆರಡು ವ್ರತಗಳನ್ನು ವಿಧಿಸುತ್ತದೆ. ಹಿಂಸೆ, ಸುಳ್ಳು, ಕಳವು, ಪರಸ್ತ್ರೀಸಂಗ ಹಾಗೂ ಮಿತಿಯಿಲ್ಲದ ಸ್ವತ್ತು ಎಂಬ ಐದರಿಂದ ಗೃಹಸ್ಥನ ಶಕ್ತಿಗೆ ತಕ್ಕಷ್ಟು ಹಿಂದೆಗೆಯುವುದು ಅಣುವ್ರತ, ಅಂದರೆ ಮುನಿಗಳ ಮಹಾವ್ರತಗಳ ಕಿರಿಯ ರೂಪ. ಈ ಐದಕ್ಕೆ ಬಲ ತುಂಬುವ ಮೂರು ಗುಣವ್ರತಗಳು, ಅಭ್ಯಾಸಕ್ಕೆಂದು ಇರುವ ನಾಲ್ಕು ಶಿಕ್ಷಾವ್ರತಗಳು ಅವುಗಳನ್ನು ಅನುಸರಿಸಿ ಬರುತ್ತವೆ. ನವಿಲುಗರಿಯ ಪಿಂಛಿ, ಕಮಂಡಲು ಮತ್ತು ಶಾಸ್ತ್ರಗ್ರಂಥ ಇವುಗಳ ಹೊರತು ಏನನ್ನೂ ಇಟ್ಟುಕೊಳ್ಳದ ದಿಗಂಬರ ಮುನಿಯ ಆದರ್ಶವನ್ನು ಕಣ್ಣ ಮುಂದಿಟ್ಟುಕೊಂಡೇ ಮನೆ, ಹೊಲ, ಅಂಗಡಿ, ಮಕ್ಕಳುಮರಿಗಳ ನಡುವೆ ಬಾಳುವವನಿಗೆ ಸಾಧ್ಯವಾಗುವಂತೆ ಈ ವ್ರತಗಳನ್ನು ರೂಪಿಸಲಾಗಿದೆ.

ಕೊಳ್ಳುವಿಕೆಯ ದೃಷ್ಟಿಯಿಂದ ಇವುಗಳಲ್ಲಿ ಅತ್ಯಂತ ಗಮನಾರ್ಹವಾದುದು ಅನರ್ಥದಂಡವಿರತಿ ಎಂಬ ಗುಣವ್ರತ. ದಂಡವೆಂದರೆ ಮನಸ್ಸು, ಮಾತು, ದೇಹಗಳ ವ್ಯಾಪಾರದಿಂದ ಜೀವಿಗಳಿಗೆ ಉಂಟಾಗುವ ಪೀಡೆ. ಅದಕ್ಕೆ ಯಾವ ಪ್ರಯೋಜನವೂ ಇಲ್ಲದಿದ್ದರೆ ಅದು ಅನರ್ಥದಂಡ. ಉಳುವವನು ನೆಲವನ್ನು ಕೆದಕಲೇಬೇಕು, ಅಡುಗೆ ಮಾಡುವವಳು ಬೆಂಕಿ ಹೊತ್ತಿಸಲೇಬೇಕು, ಮನೆ ಕಟ್ಟುವವನು ಮರ ಕಡಿಯಲೇಬೇಕು. ಗೃಹಸ್ಥನ ಬದುಕು ಹಿಂಸೆಯಿಂದ ಪೂರ್ಣವಾಗಿ ಮುಕ್ತವಾಗಲಾರದೆಂಬುದನ್ನು ಆಚಾರ್ಯರು ಬಲ್ಲರು. ಆದರೆ ತಪ್ಪಿಸಲಾಗದ ಈ ಹಿಂಸೆಯ ಆಚೆಗೆ ಯಾರ ಹಸಿವನ್ನೂ ತಣಿಸದ, ಯಾರಿಗೂ ನೆರಳಾಗದ, ಬರಿಯ ಅಜಾಗ್ರತೆಯಿಂದ ನಡೆದುಹೋಗುವ ಹಿಂಸೆಯ ದೊಡ್ಡದೊಂದು ಪ್ರದೇಶವಿದೆ. ಅದನ್ನು ಕೈಬಿಟ್ಟರೆ ಬದುಕಿಗೆ ಯಾವ ಕೊರತೆಯೂ ಆಗದು. ಆದರೂ ಅದನ್ನು ಬಿಡುವುದು ಕಷ್ಟ, ಏಕೆಂದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಸಮಂತಭದ್ರರು ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತಾರೆ. ಪಾಪಕಾರ್ಯಕ್ಕೆ ಉಪದೇಶ ನೀಡುವುದು, ಹಿಂಸೆಯ ಉಪಕರಣಗಳನ್ನು ಕೊಡುವುದು, ಕೆಟ್ಟದ್ದನ್ನು ಚಿಂತಿಸುವುದು, ಮನಸ್ಸನ್ನು ಕೆಡಿಸುವ ಕಥೆಗಳನ್ನು ಕೇಳುವುದು ಎಂಬ ನಾಲ್ಕರ ಜೊತೆಗೆ ಪ್ರಮಾದಚರ್ಯೆಯೆಂಬ ಐದನೆಯದೊಂದಿದೆ, ಪ್ರಮಾದವೆಂದರೆ ಎಚ್ಚರಗೇಡಿತನ. ನೆಲವನ್ನು ಸುಮ್ಮನೆ ಅಗೆಯುವುದು, ನೀರನ್ನು ವ್ಯರ್ಥವಾಗಿ ಚೆಲ್ಲುವುದು, ಕಾರಣವಿಲ್ಲದೆ ಬೆಂಕಿ ಹಚ್ಚುವುದು, ಗಾಳಿ ಬೀಸುವುದು, ಗಿಡಮರಗಳನ್ನು ಕತ್ತರಿಸುವುದು ಇವೆಲ್ಲ ಇದಕ್ಕೆ ಸೇರುತ್ತವೆ. ಇವುಗಳ ಕೊನೆಯಲ್ಲಿ ಆಚಾರ್ಯರು ಇನ್ನೆರಡನ್ನು ಸೇರಿಸುತ್ತಾರೆ: ನಿಷ್ಕಾರಣವಾಗಿ ತಾನು ಅಲೆಯುವುದು, ಇತರರನ್ನು ಅಲೆಯಿಸುವುದು.

ಈ ಕೊನೆಯ ಮಾತನ್ನು ಇಂದು ಓದುವವರು ಅದರ ಬಳಿ ತುಸು ಹೊತ್ತು ನಿಲ್ಲಬೇಕು. ಬೆಂಗಳೂರಿನಂಥ ನಗರದಲ್ಲಿ ಫೋನಿನ ಮೇಲೆ ಬೆರಳಿಟ್ಟ ಹತ್ತು ಹದಿನೈದು ನಿಮಿಷಗಳಲ್ಲಿ ಮನೆಬಾಗಿಲಿಗೆ ಸಾಮಾನು ತಲುಪಿಸುವ ವ್ಯವಸ್ಥೆ ಬಂದ ಮೇಲೆ, ಬಯಕೆಗೂ ವಸ್ತುವಿಗೂ ನಡುವೆ ಇದ್ದ ದೂರವನ್ನು ಕೊಳ್ಳುವವನ ಪರವಾಗಿ ಇನ್ನೊಬ್ಬನು ಮಳೆಯಲ್ಲಿ, ಹೊಗೆಯಲ್ಲಿ, ವಾಹನಗಳ ಸಂದಿಯಲ್ಲಿ ಬೈಕಿನ ಮೇಲೆ ಕ್ರಮಿಸುತ್ತಾನೆ. ರೋಗಿಗೆ ಔಷಧ ಬೇಕಾದಾಗ, ಹಸುಗೂಸಿಗೆ ಹಾಲು ಬೇಕಾದಾಗ ಆ ಓಟಕ್ಕೆ ಅರ್ಥವಿದೆ. ಮಧ್ಯರಾತ್ರಿಯಲ್ಲಿ ಮನಸ್ಸಿಗೆ ಹೊಳೆದ, ಬೆಳಗಾಗುವಷ್ಟರಲ್ಲಿ ಮರೆತೇ ಹೋಗುತ್ತಿದ್ದ ವಸ್ತುವೊಂದಕ್ಕಾಗಿ ಅವನನ್ನು ಓಡಿಸುವುದು ಶಾಸ್ತ್ರದ ಭಾಷೆಯಲ್ಲಿ ಅಲೆಯಿಸುವಿಕೆಯೇ ಆಗುತ್ತದೆ. ಅವನಿಗೂ ಕೂಲಿ ಸಿಗುತ್ತದಲ್ಲವೇ ಎಂದು ಕೇಳಬಹುದು; ಸಿಗುತ್ತದೆ ನಿಜ, ಆದರೆ ಕೂಲಿ ಕೊಟ್ಟ ಮಾತ್ರಕ್ಕೆ ಕೊಂಡವನ ಅಜಾಗ್ರತೆ ಜಾಗ್ರತೆಯಾಗಿ ಮಾರ್ಪಡದು, ಆ ಓಟದಲ್ಲಿರುವ ಅಪಾಯವೂ ಕಡಿಮೆಯಾಗದು.

ಪ್ರತಿಯೊಂದು ವ್ರತಕ್ಕೂ ಅತಿಚಾರಗಳೆಂಬ ಐದೈದು ದೋಷಗಳನ್ನು ಗುರುತಿಸುವುದು ಈ ಗ್ರಂಥಗಳ ಪದ್ಧತಿ; ಅತಿಚಾರವೆಂದರೆ ವ್ರತವನ್ನು ಪೂರ್ತಿ ಮುರಿಯದೆ ಅದಕ್ಕೆ ಕಲೆ ಹಚ್ಚುವ ನಡತೆ. ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಅಶ್ಲೀಲ ಹಾಸ್ಯ, ಕುಚೇಷ್ಟೆ, ಬಾಯಿಬಡುಕತನಗಳ ಜೊತೆಗೆ ಅಸಮೀಕ್ಷ್ಯ ಅಧಿಕರಣವೆಂಬುದೊಂದು ಸೇರಿದೆ, ಅಂದರೆ ಬೇಕೋ ಬೇಡವೋ ಎಂಬುದನ್ನು ಪರಿಶೀಲಿಸದೆ ಮಾಡುವ ಕಾರ್ಯ. ಇನ್ನೊಂದನ್ನು ಸಮಂತಭದ್ರರು ಅತಿಪ್ರಸಾಧನವೆಂದು ಕರೆದರೆ, ಉಮಾಸ್ವಾತಿಯವರ ತತ್ತ್ವಾರ್ಥಸೂತ್ರವು ಅದೇ ಸ್ಥಾನದಲ್ಲಿ ಉಪಭೋಗ ಪರಿಭೋಗಗಳ ಆನರ್ಥಕ್ಯವನ್ನು, ಅಂದರೆ ಬಳಕೆಗೆ ಬೇಕಾದುದಕ್ಕಿಂತ ಮಿಗಿಲಾಗಿ ಬಳಕೆಯ ಪದಾರ್ಥಗಳನ್ನು ಕೂಡಿಸುವುದನ್ನು ಇಡುತ್ತದೆ. ಯೋಚಿಸದೆ ಮಾಡುವುದು ಮತ್ತು ಬೇಡದ್ದನ್ನು ಪೇರಿಸುವುದು, ಈ ಎರಡೂ ಒಂದೇ ಕ್ರಿಯೆಯಲ್ಲಿ ಕೂಡಿದಾಗ ಆಗುವುದೇ ಇಂದಿನವರು ಹಠಾತ್ ಖರೀದಿ ಎನ್ನುವ ವರ್ತನೆ. ಅದನ್ನು ಅಷ್ಟು ಹಿಂದೆಯೇ ಗುರುತಿಸಿ, ಹಿಂಸೆಯ ಲೆಕ್ಕಕ್ಕೆ ಬರೆದುದು ಈ ಆಚಾರ್ಯರ ಸೂಕ್ಷ್ಮದೃಷ್ಟಿಗೆ ಸಾಕ್ಷಿ.

ಹಾಗೆ ಬರೆದುದು ಅತಿಯಾಯಿತೇ ಎಂಬ ಸಂದೇಹಕ್ಕೆ ಚಿನ್ನದ ಉದಾಹರಣೆ ಸಾಕು. 1880ರ ದಶಕದಿಂದ 2001ರವರೆಗೆ ಗಣಿಗಾರಿಕೆ ನಡೆದ ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ಮಿಕರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಸುಡುವ ಕಾವಿನಲ್ಲಿ, ಒತ್ತಡಕ್ಕೆ ಬಂಡೆಗಳೇ ಸಿಡಿಯುವ ಭಯದಲ್ಲಿ ಅದಿರನ್ನು ಕಡಿದು ಮೇಲೆ ಕಳುಹಿಸಿದರು. ಅದರಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ, ಸಯನೈಡ್ ಬಳಸಿ ಸಂಸ್ಕರಿಸಿದ ಮಣ್ಣಿನ ದಿಬ್ಬಗಳು ಗಣಿ ಮುಚ್ಚಿದ ಬಳಿಕವೂ ಊರಿನ ಮಗ್ಗುಲಲ್ಲಿ ನಿಂತಿವೆ, ಗಾಳಿ ಎದ್ದಾಗ ಅವುಗಳ ದೂಳು ಮನೆಗಳ ಮೇಲೆ ಬೀಳುತ್ತದೆ. ನೆಲ, ನೀರು, ಬೆಂಕಿ, ಗಾಳಿ, ಸಸ್ಯ ಎಂದು ಪ್ರಮಾದಚರ್ಯೆಯ ಶ್ಲೋಕ ಹೆಸರಿಸುವುದೆಲ್ಲವೂ ಒಂದು ಉಂಗುರದ ಹಿಂದೆ ನಿಜವಾಗಿಯೂ ನೊಂದಿವೆ. ಮಗಳ ಮದುವೆಗೆ, ಕಷ್ಟಕಾಲದ ಆಸರೆಗೆ ಕೊಂಡ ಚಿನ್ನಕ್ಕೆ ಒಂದು ಪ್ರಯೋಜನವಿದೆಯೆಂದು ಗೃಹಸ್ಥಧರ್ಮ ಒಪ್ಪೀತು. ಅಂಗಡಿಯ ಜಾಹೀರಾತು ಕರೆಯಿತೆಂದು ಕೊಂಡುದಕ್ಕೆ ಏನು ಹೇಳಬೇಕು?

ಚಿನ್ನದ ಜಾಹೀರಾತುಗಳು ಎಲ್ಲಕ್ಕಿಂತ ಜೋರಾಗಿ ಕರೆಯುವ ದಿನ ಅಕ್ಷಯ ತೃತೀಯೆ. ಅದೇ ದಿನ ಜೈನರಿಗೆ ಆದಿತೀರ್ಥಂಕರ ವೃಷಭನಾಥರ ಪಾರಣೆಯ ದಿನವೂ ಹೌದು. ಪಂಪನು 941ರಲ್ಲಿ ರಚಿಸಿದ ಆದಿಪುರಾಣವೂ ಅದಕ್ಕೆ ಆಕರವಾದ ಜಿನಸೇನರ ಸಂಸ್ಕೃತ ಮಹಾಪುರಾಣವೂ ನಿರೂಪಿಸುವ ಕಥೆಯಂತೆ, ದೀಕ್ಷೆ ಪಡೆದು ಆರು ತಿಂಗಳು ನಿರಾಹಾರನಾಗಿ ನಿಂತ ಆದಿದೇವನು ಬಳಿಕ ಆಹಾರಕ್ಕೆಂದು ಊರೂರು ಸಂಚರಿಸಿದಾಗ, ಮುನಿಗೆ ಏನನ್ನು ಹೇಗೆ ನೀಡಬೇಕೆಂಬುದನ್ನು ಅರಿಯದ ಜನ ಭಕ್ತಿಯಿಂದಲೇ ರತ್ನಗಳನ್ನು, ವಾಹನಗಳನ್ನು, ಉಡುಗೆತೊಡುಗೆಗಳನ್ನು ತಂದೊಪ್ಪಿಸಿದರು. ಅವನು ಅವುಗಳಲ್ಲಿ ಒಂದನ್ನೂ ಮುಟ್ಟದೆ ಮುಂದೆ ನಡೆದನು. ಕೊನೆಗೆ ಹಸ್ತಿನಾಪುರದ ಶ್ರೇಯಾಂಸನು ಪೂರ್ವಜನ್ಮದ ಸ್ಮರಣೆಯಿಂದ ಎಚ್ಚೆತ್ತು ಕಬ್ಬಿನ ಹಾಲನ್ನು ನೀಡಿದಾಗ ಪಾರಣೆಯಾಯಿತು. ಎದುರಿಗೆ ನಿಂತವನಿಗೆ ಏನು ಬೇಕೆಂಬುದನ್ನು ಒಬ್ಬನು ಕಂಡುಕೊಂಡ ದಿನ, ಬೆಲೆಬಾಳುವ ವಸ್ತುಗಳೆಲ್ಲ ನಿಷ್ಪ್ರಯೋಜಕವೆಂದು ತೋರಿದ ದಿನ, ದಾನಧರ್ಮ ಆರಂಭವಾದ ದಿನವೆಂದು ಜೈನರು ಆಚರಿಸುವ ದಿನ, ಒಡವೆ ಕೊಳ್ಳುವ ದಿನವಾಗಿ ಮಾರ್ಪಟ್ಟಿರುವುದು ನೋವಿನ ಸಂಗತಿ. ಕರ್ನಾಟಕದಲ್ಲಿ ಬಸವ ಜಯಂತಿಯೂ ಇದೇ ತಿಥಿಯಂದು ಬರುತ್ತದೆಂಬುದನ್ನು ನೆನೆದರೆ ಆ ನೋವು ಇನ್ನಷ್ಟು ಹೆಚ್ಚುತ್ತದೆ, ಏಕೆಂದರೆ ಕಾಯಕ ಮತ್ತು ದಾಸೋಹಗಳನ್ನು ಬದುಕಿನ ಕೇಂದ್ರಕ್ಕೆ ತಂದ ಶರಣರ ಪರಂಪರೆಗೂ ಆ ದಿನ ಸೇರಿದುದು.

ಹಿಂಸೆಯ ಈ ಬಹಿರಂಗಕ್ಕೆ ಒಂದು ಅಂತರಂಗವೂ ಇದೆ. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು, ಅಂದರೆ ಸ್ವತ್ತನ್ನು, ವಸ್ತುವಿನ ಮೂಲಕ ನಿರೂಪಿಸದೆ ವಸ್ತುವಿನ ಮೇಲಿನ ಮೂರ್ಛೆಯ ಮೂಲಕ, ಅಂದರೆ ಗಾಢವಾದ ಆಸಕ್ತಿಯ ಮೂಲಕ ನಿರೂಪಿಸುತ್ತದೆ. ಗಂಗರ ಕಾಲದ ಕರ್ನಾಟಕಕ್ಕೆ ಸಂಬಂಧಿಸಿದವರೆಂದು ಪರಂಪರೆ ನೆನೆಯುವ ಪೂಜ್ಯಪಾದರು ಆ ಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ, ಗೋವು, ಎಮ್ಮೆ, ಮಣಿ, ಮುತ್ತು ಮೊದಲಾದ ಹೊರಗಿನ ವಸ್ತುಗಳನ್ನೂ ರಾಗ ಮೊದಲಾದ ಒಳಗಿನ ಭಾವಗಳನ್ನೂ ಗಳಿಸುವ, ಕಾಪಾಡುವ, ಓರಣವಾಗಿಡುವ ಗೊಡವೆಯಲ್ಲಿ ಮನಸ್ಸು ಮುಳುಗಿರುವುದೇ ಮೂರ್ಛೆಯೆಂದು ವಿವರಿಸುತ್ತಾರೆ. ಹಾಗಾದರೆ ಹೊರಗಿನ ವಸ್ತು ಪರಿಗ್ರಹವೇ ಅಲ್ಲವೇ ಎಂಬ ಆಕ್ಷೇಪವನ್ನು ತಾವೇ ಎತ್ತಿ, ಮೂರ್ಛೆಗೆ ಕಾರಣವಾಗುವುದರಿಂದ ಅದೂ ಪರಿಗ್ರಹವೇ ಎಂದು ಉತ್ತರಿಸುತ್ತಾರೆ. ಪರಂಪರೆ ಹೊಲ, ಮನೆ, ಬೆಳ್ಳಿಬಂಗಾರ, ಧನಧಾನ್ಯಗಳೇ ಮೊದಲಾದ ಹತ್ತು ಬಗೆಯ ಬಾಹ್ಯ ಪರಿಗ್ರಹವನ್ನೂ, ಕ್ರೋಧ, ಮಾನ, ಮಾಯೆ, ಲೋಭ, ಭಯ, ಶೋಕ ಮೊದಲಾದ ಹದಿನಾಲ್ಕು ಬಗೆಯ ಅಂತರಂಗ ಪರಿಗ್ರಹವನ್ನೂ ಎಣಿಸುತ್ತದೆ. ಒಳಗಿನ ಪಟ್ಟಿಯೇ ಉದ್ದವಾಗಿರುವುದು ಗಮನಿಸತಕ್ಕ ಸಂಗತಿ. ಕಪಾಟನ್ನು ಖಾಲಿ ಮಾಡಿದ ಮಾತ್ರಕ್ಕೆ, ಅಥವಾ ಮನೆಯನ್ನು ಕೆಲವೇ ವಸ್ತುಗಳಿಂದ ಅಂದವಾಗಿ ಇಟ್ಟುಕೊಂಡು ಅದನ್ನೇ ಹೆಮ್ಮೆಯ ವಿಷಯವಾಗಿಸಿಕೊಂಡ ಮಾತ್ರಕ್ಕೆ, ಈ ಎರಡನೆಯ ಪಟ್ಟಿ ಕರಗುವುದಿಲ್ಲ.

ಆದ್ದರಿಂದಲೇ ಐದನೆಯ ಅಣುವ್ರತಕ್ಕೆ ಸಮಂತಭದ್ರರು ಪರಿಮಿತ ಪರಿಗ್ರಹವೆಂಬುದರ ಜೊತೆಗೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಡುತ್ತಾರೆ. ಧನಧಾನ್ಯಾದಿಗಳನ್ನು ಇಷ್ಟೇ ಎಂದು ಅಳೆದುಕೊಂಡು, ಅದಕ್ಕೆ ಮಿಗಿಲಾದುದರಲ್ಲಿ ನಿಸ್ಪೃಹನಾಗಿರುವುದು ಇದರ ಸ್ವರೂಪ. ಅಳತೆಗೆ ಒಳಪಡುವುದು ಕೊನೆಗೂ ಇಚ್ಛೆಯೇ. ಈ ವ್ರತಕ್ಕೆ ತಪ್ಪಿ ನಡೆದವನ ನಿದರ್ಶನವಾಗಿ ಗ್ರಂಥವು ಶ್ಮಶ್ರುನವನೀತನೆಂಬವನ ಹೆಸರನ್ನಷ್ಟೇ ಹೇಳಿ ಮುಂದೆ ಸಾಗುತ್ತದೆ. ಕಥೆಯನ್ನು ವ್ಯಾಖ್ಯಾನಪರಂಪರೆ ತುಂಬಿಕೊಡುತ್ತದೆ. ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ಕಂಡು, ಇದನ್ನೇ ಕೂಡಿಸಿದರೆ ವ್ಯಾಪಾರಕ್ಕೆ ಬಂಡವಾಳವಾದೀತೆಂದು ಬಗೆದ ಅವನು ದಿನದಿನವೂ ಅದನ್ನು ಶೇಖರಿಸಿ, ಒಂದು ಗಡಿಗೆ ತುಪ್ಪ ಮಾಡಿ, ಅದನ್ನು ತನ್ನ ಕಾಲದೆಸೆಯಲ್ಲಿ ತೂಗಹಾಕಿದನು. ಚಳಿಗಾಲದ ರಾತ್ರಿ ಪಕ್ಕದಲ್ಲಿ ಬೆಂಕಿ ಮಾಡಿಕೊಂಡು ಮಲಗಿ, ಈ ತುಪ್ಪ ಮಾರಿ ಸರಕು ಕೊಳ್ಳುವೆ, ದೊಡ್ಡ ಸಾರ್ಥವಾಹನಾಗುವೆ, ಸಾಮಂತನಾಗುವೆ, ಚಕ್ರವರ್ತಿಯಾಗುವೆ, ಆಗ ಪಟ್ಟದರಾಣಿ ಕಾಲೊತ್ತಲು ಬರುವಳು, ಒತ್ತಲು ಬಾರದೆಂದು ಪ್ರೀತಿಯಿಂದ ಒದೆಯುವೆ ಎಂದು ಮನಸ್ಸಿನಲ್ಲೇ ಕಟ್ಟುತ್ತಾ ಹೋಗಿ, ನಿಜವಾಗಿಯೂ ಕಾಲು ಝಾಡಿಸಿದಾಗ ಗಡಿಗೆ ಬೆಂಕಿಗೆ ಬಿದ್ದು, ಉರಿ ಗುಡಿಸಲನ್ನು ಹಬ್ಬಿ, ಅವನು ಅಲ್ಲಿಯೇ ಬೆಂದುಹೋದನು. ಪರಿಗ್ರಹದ ಪಾಪಕ್ಕೆ ನಿದರ್ಶನ ಬೇಕಾದಾಗ ಪರಂಪರೆ ರಾಜನನ್ನಾಗಲಿ ಶ್ರೇಷ್ಠಿಯನ್ನಾಗಲಿ ಆರಿಸದೆ ಒಂದು ಗಡಿಗೆ ತುಪ್ಪದ ಒಡೆಯನನ್ನು ಆರಿಸಿತೆಂಬುದು ಆಲೋಚಿಸಬೇಕಾದ ಅಂಶ. ಅವನ ಸ್ವತ್ತು ಅಲ್ಪ, ಇಚ್ಛೆ ಅಪಾರ. ಅವನನ್ನು ಸುಟ್ಟದ್ದು ಇಲ್ಲದ ರಾಜ್ಯ. ಫೋನಿನ ಪರದೆಯ ಮೇಲೆ ಇನ್ನೂ ಕೊಳ್ಳದ ವಸ್ತುಗಳನ್ನು ಬುಟ್ಟಿಗೆ ಸೇರಿಸುತ್ತಾ, ಅವುಗಳೊಡನೆ ಬರಲಿರುವ ಬದುಕನ್ನು ಕಲ್ಪಿಸಿಕೊಳ್ಳುತ್ತಾ ರಾತ್ರಿ ಕಳೆಯುವ ಮನಸ್ಸು ಇವನಿಗೆ ತೀರ ದೂರದ್ದಲ್ಲ.

ಇದೇ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹ, ಅತಿಲೋಭಗಳ ನಡುವೆ ಅತಿವಿಸ್ಮಯವೆಂಬುದು ಬರುತ್ತದೆ: ಇತರರ ಲಾಭವನ್ನು, ಸಂಪತ್ತನ್ನು ಕಂಡು ಬೆರಗಾಗಿ, ತನಗದು ದೊರೆಯಲಿಲ್ಲವೆಂದು ಕುದಿಯುವುದು. ಬೇರೊಬ್ಬರ ಉಡುಪು, ಪ್ರವಾಸ, ಮನೆಯ ಒಳಾಂಗಣಗಳ ಚಿತ್ರಗಳನ್ನು ಕ್ಷಣಕ್ಷಣಕ್ಕೂ ಕಣ್ಣಮುಂದೆ ಹಾಯಿಸುವ ಮಾಧ್ಯಮಗಳೆಲ್ಲ ಈ ಬೆರಗನ್ನೇ ಬಂಡವಾಳ ಮಾಡಿಕೊಂಡಿವೆ. ಭಗವದ್ಗೀತೆಯ ಎರಡನೆಯ ಅಧ್ಯಾಯವೂ ವಿಷಯಗಳ ಸತತ ಚಿಂತನೆಯಿಂದ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ ಎಂಬ ಸರಣಿಯನ್ನು ತೋರಿಸುತ್ತದೆ. ಬಯಕೆ ಎಲ್ಲಿಂದಲೋ ಸಿಡಿದು ಬೀಳುವಂಥದಲ್ಲ, ನೋಟ ವಸ್ತುವಿನ ಮೇಲೆಯೇ ನೆಲೆಸುವುದರಿಂದ ಬೆಳೆಯುವಂಥದು ಎಂಬ ವಿಷಯದಲ್ಲಿ ಎರಡು ಪರಂಪರೆಗಳಿಗೂ ಸಹಮತವಿದೆ.

ಇಷ್ಟಕ್ಕೇ ನಿಂತಿದ್ದರೆ ಈ ವಿಚಾರವೆಲ್ಲ ಬೋಧನೆಯಾಗಿ ಉಳಿಯುತ್ತಿತ್ತು. ಆದರೆ ಭೋಗೋಪಭೋಗ ಪರಿಮಾಣವೆಂಬ ಇನ್ನೊಂದು ವ್ರತದಲ್ಲಿ ಸಮಂತಭದ್ರರು ಅಭ್ಯಾಸದ ದಾರಿಯನ್ನೂ ತೋರಿಸಿದ್ದಾರೆ. ಊಟದಂತೆ ಒಮ್ಮೆ ಅನುಭವಿಸಿದರೆ ಮುಗಿಯುವುದು ಭೋಗ, ಬಟ್ಟೆಯಂತೆ ಮತ್ತೆ ಮತ್ತೆ ಅನುಭವಿಸಬಹುದಾದುದು ಉಪಭೋಗ. ಎರಡಕ್ಕೂ ಗೆರೆ ಎಳೆದುಕೊಳ್ಳುವುದು ಈ ವ್ರತ. ಗೆರೆ ಎರಡು ಬಗೆಯದಾಗಿರಬಹುದು: ಬದುಕಿರುವವರೆಗೆ ಪಾಲಿಸುವುದು ಯಮ, ಕಾಲದ ಗಡುವಿಟ್ಟು ಪಾಲಿಸುವುದು ನಿಯಮ. ನಿಯಮದ ಗಡುವು ಈ ಹೊತ್ತಿನದಾಗಬಹುದು, ಒಂದು ಹಗಲು ಅಥವಾ ಒಂದು ಇರುಳಿನದಾಗಬಹುದು, ಪಕ್ಷ, ಮಾಸ, ಎರಡು ತಿಂಗಳ ಋತು, ಆರು ತಿಂಗಳ ಅಯನದವರೆಗೂ ಚಾಚಬಹುದು; ಅದರ ವಸ್ತು ಊಟ, ವಾಹನ, ಹಾಸಿಗೆ, ಸ್ನಾನ, ಲೇಪನ, ಹೂವು, ತಾಂಬೂಲ, ಉಡುಪು, ಒಡವೆ, ಸಂಗೀತ ಹೀಗೆ ನಿತ್ಯಜೀವನದ ಯಾವುದೂ ಆಗಬಹುದು. ಈ ಋತು ಮುಗಿಯುವವರೆಗೆ ಹೊಸ ಬಟ್ಟೆ ಕೊಳ್ಳುವುದಿಲ್ಲ, ಈ ಪಕ್ಷದಲ್ಲಿ ಮನೆಯಲ್ಲಿರುವ ದಿನಸಿಯಲ್ಲೇ ಅಡುಗೆ ಎಂದು ಸಂಕಲ್ಪಿಸುವವರಿಗೆ ಶಾಸ್ತ್ರದ ಆಧಾರ ಇಲ್ಲಿಯೇ ಇದೆ. ಕಾಲದ ಗಡುವಿನಲ್ಲಿ ದಯೆಯೂ ಇದೆ, ಮನಸ್ಸಿನ ಸ್ವಭಾವದ ಅರಿವೂ ಇದೆ: ಎಂದೆಂದಿಗೂ ಬಿಡು ಎಂದರೆ ಬೆದರುವ ಮನಸ್ಸು ಈ ತಿಂಗಳು ಬಿಡು ಎಂದರೆ ಒಪ್ಪುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಎಷ್ಟೋ ಬಯಕೆಗಳು ತಾವಾಗಿಯೇ ಸವೆದಿರುತ್ತವೆ. ಹೀಗಿದ್ದರೂ ಗ್ರಂಥವು ನಿಯಮದ ಅವಧಿಯಲ್ಲಿ ಕಾಡುವ ದೋಷಗಳನ್ನು ಮರೆಯುವುದಿಲ್ಲ. ಹಿಂದಿನ ಭೋಗವನ್ನು ಮತ್ತೆ ಮತ್ತೆ ನೆನೆಯುವುದು, ಮುಂದಿನದಕ್ಕಾಗಿ ಹಾತೊರೆಯುವುದು, ಇರುವುದರಲ್ಲೇ ಅತಿಯಾಗಿ ತೊಡಗುವುದು ಇವನ್ನು ಅತಿಚಾರಗಳೆಂದೇ ಎಣಿಸುತ್ತದೆ. ಗಡುವು ಮುಗಿದ ಮರುದಿನವೇ ಎರಡು ಪಟ್ಟು ಕೊಳ್ಳುವ ಎಣಿಕೆಯಲ್ಲಿರುವವನು ಒಳಗೊಳಗೇ ವ್ರತದಿಂದ ಜಾರಿದ್ದಾನೆ.

ಈ ಪ್ರಕರಣದ ತಿರುಳು ಇನ್ನೊಂದು ಶ್ಲೋಕದಲ್ಲಿದೆ. ತನಗೆ ಹಾನಿಕರವಾದುದನ್ನೂ, ಸೇವಿಸಲು ತಕ್ಕುದಲ್ಲದುದನ್ನೂ ಬಿಡಬೇಕೆಂದು ಹೇಳಿದ ಬಳಿಕ ಸಮಂತಭದ್ರರು, ತನಗೆ ಸಲ್ಲುವ ಯೋಗ್ಯವಾದ ವಿಷಯದಿಂದಲೂ ಉದ್ದೇಶಪೂರ್ವಕವಾಗಿ ಹಿಂದೆಗೆಯುವುದೇ ವ್ರತವೆಂದು ವಿವರಿಸುತ್ತಾರೆ. ಇದರಿಂದ ಎರಡು ಫಲಗಳು ಬರುತ್ತವೆ. ಕೊಳ್ಳಲು ಶಕ್ತಿಯಿದೆ, ಕೊಂಡರೆ ಕಾನೂನಿನ ತಪ್ಪೇನೂ ಇಲ್ಲ ಎಂಬ ಸಮಾಧಾನ ವ್ರತಿಗೆ ಸಾಲದು, ಏಕೆಂದರೆ ವ್ರತ ಆರಂಭವಾಗುವುದೇ ಆ ಸಮಾಧಾನ ಮುಗಿಯುವ ಕಡೆಯಲ್ಲಿ. ಎರಡನೆಯದಾಗಿ, ಕೈಯಲ್ಲಿ ಕಾಸಿಲ್ಲದೆ ಕೊಳ್ಳಲಾರದವನ ಕೊರತೆ ವ್ರತವಾಗದು. ಬಡತನವನ್ನು ಸಂಯಮವೆಂದು ಹೊಗಳಿ ಬಡವರಿಗೆ ಉಪದೇಶಿಸುವವರಿಗೆ ಈ ಶ್ಲೋಕದಲ್ಲಿ ಬೆಂಬಲವಿಲ್ಲ. ಹಾಗೆಯೇ, ಇಚ್ಛೆಯನ್ನು ಅಳೆದುಕೊಳ್ಳುವ ಹಕ್ಕು ಆ ಇಚ್ಛೆಯುಳ್ಳವರದೇ. ಮನೆಗಳಲ್ಲಿ ಗಂಡಸರ ಹೊಸ ಫೋನು ಅಗತ್ಯವೆಂದೂ ಹೆಂಗಸರ ಸೀರೆ ದುಂದೆಂದೂ ಎಣಿಸುವ ರೂಢಿಯಿದೆ. ಒಬ್ಬರ ಕೈಯಲ್ಲಿರುವ ಅಳತೆಗೋಲಿನಿಂದ ಇನ್ನೊಬ್ಬರ ಬಯಕೆಯನ್ನು ಮೊಟಕುಗೊಳಿಸುವುದಕ್ಕೆ ವ್ರತವೆಂಬ ಹೆಸರು ಸಲ್ಲದು.

ಸಮೀಕ್ಷಿಸದೆ ಕಾರ್ಯ ಮಾಡುವಂತೆ ಜನರನ್ನು ದೂಡುವುದೇ ಈಗ ಒಂದು ಕುಶಲವಿದ್ಯೆಯಾಗಿ ಬೆಳೆದಿದೆ ಎಂಬುದಕ್ಕೆ ಸರಕಾರದ ದಾಖಲೆಯೇ ಸಾಕ್ಷಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು ಆನ್‌ಲೈನ್ ಮಾರಾಟದ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿವೆ. ಎರಡೇ ಉಳಿದಿವೆ, ಬೇಗ ಕೊಳ್ಳಿ ಎಂಬ ಹುಸಿ ಅವಸರ, ಕೇಳದ ವಸ್ತುವನ್ನು ಸದ್ದಿಲ್ಲದೆ ಬುಟ್ಟಿಗೆ ಸೇರಿಸುವುದು, ಬೇಡವೆಂದವರನ್ನು ನಾಚಿಸುವುದು ಇವು ಆ ಪಟ್ಟಿಯಲ್ಲಿವೆ. ಅದಕ್ಕೂ ಮುನ್ನ 2013ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಶೂನ್ಯ ಬಡ್ಡಿಯ ಕಂತು ಎಂಬ ಪರಿಕಲ್ಪನೆಯೇ ಇಲ್ಲ, ಬಡ್ಡಿಯನ್ನು ಶುಲ್ಕದ ರೂಪದಲ್ಲಿ ಮರೆಮಾಡಲಾಗಿರುತ್ತದೆ ಎಂದು ಬ್ಯಾಂಕುಗಳಿಗೆ ತಿಳಿಸಿತ್ತು. ಇಂಥ ನಿಯಂತ್ರಣ ಅತ್ಯಗತ್ಯ. ವಂಚನೆಯ ಹೊಣೆಯನ್ನು ವಂಚಿತನ ಸಂಯಮದ ಮೇಲೆ ಹೊರಿಸುವುದು ಅನ್ಯಾಯ, ಪಾಪೋಪದೇಶವನ್ನೂ ದಂಡದ ಸಾಲಿಗೆ ಸೇರಿಸಿದ ಆಚಾರ್ಯರು ಅದನ್ನು ಒಪ್ಪುತ್ತಿರಲಿಲ್ಲ. ಆದರೂ ಕಾನೂನು ಹುಸಿ ಅವಸರವನ್ನಷ್ಟೇ ತಡೆಯಬಲ್ಲದು; ಯಾವ ಮೋಸವೂ ಇಲ್ಲದೆ ಸರಿಯಾದ ಬೆಲೆಗೆ ಮಾರುವ ಬೇಡದ ವಸ್ತುವಿನ ಮುಂದೆ ಕೊಳ್ಳುವವನು ಒಬ್ಬನೇ ನಿಲ್ಲಬೇಕಾಗುತ್ತದೆ.

ಬೆಲೆಯೇ ಇಲ್ಲದಾಗಲೂ ಹಾಗೆ ನಿಲ್ಲಬೇಕಾಗುತ್ತದೆಂಬುದನ್ನು ಕನ್ನಡದ ಇನ್ನೊಂದು ಪರಂಪರೆ ತೋರಿಸಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನ ಪತ್ನಿ ಲಕ್ಕಮ್ಮ ಅದನ್ನು ಒಪ್ಪದೆ, ಈ ಆಸೆ ಎಲ್ಲಿಂದ ಬಂತೆಂದು ಪ್ರಶ್ನಿಸಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಅಕ್ಕಿಗೆ ಮಾರಯ್ಯ ಒಂದು ಕಾಸನ್ನೂ ತೆತ್ತಿರಲಿಲ್ಲ, ಅದನ್ನು ಯಾರಿಂದಲೂ ಕಸಿದಿರಲಿಲ್ಲ, ತಂದ ಉದ್ದೇಶವೂ ದಾಸೋಹವೇ. ಹಣಕಾಸಿನ ಯಾವ ಲೆಕ್ಕದಲ್ಲಿಯೂ ಅದು ತಪ್ಪಾಗದು. ಲಕ್ಕಮ್ಮ ನೋಡಿದ್ದು ಬೇರೆ ಲೆಕ್ಕವನ್ನು, ಇಂದಿನ ಅಗತ್ಯಕ್ಕೂ ತಂದ ಅಳತೆಗೂ ನಡುವಿನ ಅಂತರವನ್ನು. ಒಂದು ಕೊಂಡರೆ ಇನ್ನೊಂದು ಉಚಿತವೆಂಬ ಕೊಡುಗೆಯನ್ನು ಲಾಭವೆಂದೇ ತಿಳಿಯುವ ಕಾಲದಲ್ಲಿ ಆಕೆಯ ಪ್ರಶ್ನೆಗೆ ಎದುರು ನಿಲ್ಲುವುದು ಸುಲಭವಲ್ಲ. ಶರಣಪರಂಪರೆಗೂ ಜೈನಮತಕ್ಕೂ ಇತಿಹಾಸದಲ್ಲಿ ತೀವ್ರ ಸಂಘರ್ಷಗಳು ನಡೆದಿವೆ. ಅವುಗಳ ದೇವರು, ದರ್ಶನಗಳು ಬೇರೆ. ಹೆಚ್ಚಳವೇ ದೋಷವೆಂಬ ಈ ಒಂದು ಕಾಣ್ಕೆಯಲ್ಲಿ ಮಾತ್ರ ಅವು ಬಹಳ ಹತ್ತಿರ ಬರುತ್ತವೆ.

ವಸ್ತು ಮನೆಗೆ ಬಂದ ಮೇಲಿನ ಕಥೆಯನ್ನು ಬೌದ್ಧ ವಿನಯಪಿಟಕ ಹೇಳುತ್ತದೆ. ಉದಯನ ರಾಜನ ಅಂತಃಪುರದ ಸ್ತ್ರೀಯರು ಭಿಕ್ಷು ಆನಂದನಿಗೆ ಐನೂರು ಚೀವರಗಳನ್ನು ದಾನ ಮಾಡಿದಾಗ, ಇಷ್ಟನ್ನು ತೆಗೆದುಕೊಂಡು ಏನು ಮಾಡುವೆಯೆಂದು ರಾಜನು ವಿಚಾರಿಸಿದನು. ಹರಿದ ಚೀವರದ ಭಿಕ್ಷುಗಳಿಗೆ ಹಂಚುವೆ, ಅವರ ಹಳೆಯವು ಮೇಲುಹೊದಿಕೆಗಳಾಗುವುವು, ಅವು ಸವೆದರೆ ಹಾಸಿಗೆಯ ಹೊದಿಕೆ, ಬಳಿಕ ನೆಲಹಾಸು, ಕಾಲೊರಸು, ದೂಳು ಕೊಡವುವ ಬಟ್ಟೆ, ಕೊನೆಗೆ ಕೆಸರಿನಲ್ಲಿ ಕಲಸಿ ನೆಲಕ್ಕೆ ಮೆತ್ತಲು ಎಂದು ಆನಂದನು ಉತ್ತರಿಸಿದನು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಜೋಡಿಸಿ ಕೌದಿ ಹೊಲಿಯುವ ಹೆಂಗಸರು ಆ ಗ್ರಂಥವನ್ನು ಓದದೆಯೇ ಅದೇ ಉತ್ತರವನ್ನು ಕೊಡುತ್ತಾ ಬಂದಿದ್ದಾರೆ.

ಮಿತವ್ಯಯದ ಈ ವಿಚಾರ ಜಿಪುಣತನಕ್ಕೆ ದಾರಿಯಾಗದೇ ಎಂಬ ಆಕ್ಷೇಪಕ್ಕೆ ಅತ್ತಿಮಬ್ಬೆಯ ಬದುಕೇ ಉತ್ತರ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಈ ಶ್ರಾವಕಿಯನ್ನು ನಾಡು ದಾನಚಿಂತಾಮಣಿಯೆಂದು ಕರೆಯಿತು. ಓಲೆಗರಿಯ ಮೇಲೆ ಒಂದೊಂದಾಗಿ ಬರೆಯಬೇಕಿದ್ದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಅದು ಭಾರಿ ವೆಚ್ಚ. ಅದನ್ನು ಅನರ್ಥವೆಂದು ಯಾವ ಶ್ರಾವಕಾಚಾರವೂ ಹೇಳದು. ಪ್ರಶ್ನೆಯಿರುವುದು ವೆಚ್ಚದ ಗಾತ್ರದಲ್ಲಲ್ಲ, ವೆಚ್ಚದ ಹಿಂದೆ ಸಮೀಕ್ಷೆ ಇತ್ತೇ ಎಂಬುದರಲ್ಲಿ. ಇಳಕಲ್ಲಿನ ನೇಕಾರನಿಂದ ವಿಚಾರಮಾಡಿ ಒಂದು ಸೀರೆ ಕೊಂಡು ಇಪ್ಪತ್ತು ವರ್ಷ ಉಡುವವಳು, ಅಗ್ಗವೆಂದು ಹತ್ತು ಕೊಂಡು ಮಡಿಕೆ ಬಿಚ್ಚದೆ ಇಡುವವಳಿಗಿಂತ ಒಂದೇ ಬಾರಿಗೆ ಹೆಚ್ಚು ಹಣ ಕೊಟ್ಟಿರಬಹುದು. ವ್ರತದ ದೃಷ್ಟಿಯಲ್ಲಿ ಅವಳೇ ಸರಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಮೊದಲ ಗುಣವ್ರತವಾದ ದಿಗ್ವ್ರತದಲ್ಲಿ ಶ್ರಾವಕನು ಸಮುದ್ರ, ನದಿ, ಕಾಡು, ಬೆಟ್ಟ, ಜನಪದ, ಯೋಜನಗಳನ್ನು ಗುರುತಾಗಿಟ್ಟುಕೊಂಡು ಹತ್ತು ದಿಕ್ಕುಗಳಲ್ಲಿಯೂ ತನ್ನ ವ್ಯವಹಾರಕ್ಕೆ ಎಲ್ಲೆ ಹಾಕಿಕೊಳ್ಳುತ್ತಿದ್ದನು. ಆ ಎಲ್ಲೆಯ ಆಚೆಗೆ ಸಣ್ಣ ಪಾಪವನ್ನೂ ಮಾಡದಿರುವುದರಿಂದ ಅಷ್ಟರಮಟ್ಟಿಗೆ ಅವನ ಅಣುವ್ರತ ಮಹಾವ್ರತಕ್ಕೆ ಸಮಾನವಾಗುತ್ತದೆಂದು ಗ್ರಂಥ ಹೇಳುತ್ತದೆ. ಫೋನಿನೊಳಗಿನ ಮಾರುಕಟ್ಟೆಗೆ ನದಿಯಿಲ್ಲ, ಬೆಟ್ಟವಿಲ್ಲ, ಬಾಗಿಲು ಹಾಕುವ ಹೊತ್ತೂ ಇಲ್ಲ. ಹಳೆಯ ಗುರುತುಗಳಲ್ಲಿ ಯಾವುದೂ ಅಲ್ಲಿ ನಿಲ್ಲುವುದಿಲ್ಲ. ಹೊಸ ಗುರುತುಗಳನ್ನು ಇಂದಿನ ಗೃಹಸ್ಥರು ತಾವೇ ಕಂಡುಕೊಳ್ಳಬೇಕಾಗಿದೆ. ಆ ಹುಡುಕಾಟಕ್ಕೆ ಬೇಕಾದ ಸಾಮಗ್ರಿ ಶಿಕ್ಷಾವ್ರತಗಳಲ್ಲಿದೆ, ಏಕೆಂದರೆ ಅವುಗಳಲ್ಲಿ ಮೊದಲನೆಯದಾದ ದೇಶಾವಕಾಶಿಕವು ದಿಗ್ವ್ರತದ ವಿಶಾಲ ಎಲ್ಲೆಯನ್ನು ದಿನದಿನವೂ ಮನೆ, ಬೀದಿ, ಊರುಗಳ ಮಟ್ಟಕ್ಕೆ ಕಿರಿದುಗೊಳಿಸಲು ಹೇಳುತ್ತದೆ. ಇನ್ನೊಂದು ಶಿಕ್ಷಾವ್ರತವಾದ ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸವು ಆ ದಿನಗಳಲ್ಲಿ ಊಟದ ಜೊತೆಗೆ ಅಲಂಕಾರ, ಗಂಧ, ಪುಷ್ಪ, ವ್ಯಾಪಾರೋದ್ಯಮಗಳನ್ನೂ ಬಿಡಿಸುತ್ತದೆ. ಶ್ರವಣಬೆಳಗೊಳದಲ್ಲಾಗಲಿ, ಮೂಡುಬಿದಿರೆಯಲ್ಲಾಗಲಿ, ಹುಬ್ಬಳ್ಳಿ ಬೆಳಗಾವಿಗಳ ಮನೆಗಳಲ್ಲಾಗಲಿ ಆ ತಿಥಿಗಳನ್ನು ಇಂದಿಗೂ ಪಾಲಿಸುವವರು, ಅಂದು ಬಿಡಬೇಕಾದವುಗಳ ಪಟ್ಟಿಗೆ ಪರದೆಯ ಮೇಲಿನ ಅಂಗಡಿಯನ್ನು ಸೇರಿಸಿಕೊಂಡರೆ ಅದು ಶಾಸ್ತ್ರಕ್ಕೆ ಹೊರಗಿನಿಂದ ತಂದ ಹೊಸ ವಿಧಿಯಾಗುವುದಿಲ್ಲ. ಸಮಂತಭದ್ರರು ವಸ್ತುಗಳಿಗೂ ಅವಧಿಗಳಿಗೂ ಅಷ್ಟು ವಿಶಾಲವಾದ ಅವಕಾಶವನ್ನು ಬಿಟ್ಟಿರುವುದರಿಂದ, ಬೇರೆ ಮತಧರ್ಮಗಳವರು ಕೂಡ ಏಕಾದಶಿಗೋ ಸೋಮವಾರಕ್ಕೋ ಶುಕ್ರವಾರಕ್ಕೋ ಹೊಂದಿಸಿಕೊಂಡು ಇದೇ ಅಭ್ಯಾಸವನ್ನು ಕೈಗೊಳ್ಳಲು ಅಡ್ಡಿಯಿಲ್ಲ.